ಐಡ್ರೋಜನ್‌ಗೆ ಆಸನ

ಕಿರುಪರೀಕ್ಷೆಯಲ್ಲಿ ನೀರಿನ ಸೂತ್ರ ಕೇಳಿದ್ದೆ. ಒಂಬತ್ತನೇ ತರಗತಿಯ ಅರ್ಧಕ್ಕೂ ಹೆಚ್ಚು ಮಕ್ಕಳು ‘ಐ ಟೂ ಓ’ ಎಂದು ಬರೆದಿದ್ದರು.

ಮೊದಲು ಬಂದದ್ದು ಸಿಟ್ಟು. ಯಾರೋ ಒಬ್ಬ ಮಹಾನುಭಾವ ತಪ್ಪು ಬರೆದಿದ್ದಾನೆ, ಉಳಿದವರೆಲ್ಲ ಕತ್ತು ಉದ್ದ ಮಾಡಿ ಅದನ್ನೇ ಇಳಿಸಿಕೊಂಡಿದ್ದಾರೆ ಅಂದುಕೊಂಡೆ. ಆದರೆ ಮುಂದಿನ ಬೆಂಚಿನ ಹುಡುಗಿಯ ಉತ್ತರದಲ್ಲೂ ಅದೇ ಇತ್ತು. ನೋಡಿ ಬರೆಯುವುದಿದ್ದರೆ ತರಗತಿಯೇ ಅವಳದನ್ನು ನೋಡಿ ಬರೆಯಬೇಕು, ಅಂಥ ಹುಡುಗಿ ಅವಳು. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವರ ಮಗಳು. ಕರೆದು ಕೇಳಿದೆ.

“ಇದೇನೇ ಇದು, ಐ?”

“ಐಡ್ರೋಜನ್ ಅಲ್ವಾ ಮಿಸ್? ಐಡ್ರೋಜನ್‌ಗೆ ಐ,” ಅಂದಳು. ಇಷ್ಟೂ ಗೊತ್ತಿಲ್ಲವೇ ಇವರಿಗೆ ಎನ್ನುವ ಕನಿಕರ ಅವಳ ಕಣ್ಣಲ್ಲಿತ್ತು.

ನನ್ನ ಸಿಟ್ಟು ಅಲ್ಲೇ ತಣ್ಣಗಾಯಿತು. ನಮ್ಮ ಶಾಲೆ ಇರುವುದು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ. ಈ ಕಡೆ ಬಾಯಿಗೆ ‘ಹ’ ಒಗ್ಗುವುದಿಲ್ಲ. ಹೇಮಾವತಿ ಏಮಾವತಿಯಾಗುತ್ತಾಳೆ, ಹೊಳೆನರಸೀಪುರ ವಳೇನರ್ಸೀಪುರವಾಗುತ್ತದೆ. ಜಿಲ್ಲೆಯ ಹೆಸರನ್ನೇ ನಾವು ಬಿಟ್ಟಿಲ್ಲ, ಹಾಸನ ಹೋಗಿ ಆಸನವಾಗಿದೆ. ನಾನು ಚನ್ನರಾಯಪಟ್ಟಣದವಳು. ಊರ ಹೆಸರಿನಲ್ಲಿ ಹಕಾರ ಇಲ್ಲದ ಕಾರಣ ಅಷ್ಟರಮಟ್ಟಿಗೆ ಬಚಾವು.

ಮಕ್ಕಳ ಕಡೆಯಿಂದ ಯೋಚಿಸಿದರೆ ತಪ್ಪೇ ಕಾಣಲಿಲ್ಲ. ಹೆಸರಿನ ಮೊದಲ ಸದ್ದು ಕೇಳಿ ಸಂಕೇತ ಬರೆಯಿರಿ ಎಂದು ಹೇಳಿಕೊಟ್ಟವಳು ನಾನೇ. ಅವರು ಐಡ್ರೋಜನ್ ಎನ್ನುತ್ತಾರೆ, ಐ ಬರೆಯುತ್ತಾರೆ. ಇಂಗ್ಲಿಷಿನ ಆ ಇನ್ನೊಂದು ಅಕ್ಷರವಾದರೂ ಏನು ಸಹಾಯ ಮಾಡುತ್ತದೆ? ಅದರ ಹೆಸರೇ ‘ಎಚ್’. ತನ್ನ ಸದ್ದನ್ನು ತಾನೇ ನುಂಗಿಕೊಂಡು ಕೂತ ಅಕ್ಷರ ಅದು. ಆದರೆ ಐ ಎನ್ನುವುದು ಅಯೋಡಿನ್ ಧಾತುವಿನ ಸಂಕೇತ. ನನ್ನ ಮಕ್ಕಳು ನೀರು ಮಾಡಲು ಹೋಗಿ ಗಾಯಕ್ಕೆ ಹಚ್ಚುವ ಔಷಧದ ಡಬ್ಬಿಗೆ ಕೈ ಹಾಕಿದ್ದರು.

ತಿದ್ದಿಬಿಡೋಣ ಅಂತ ಹೊರಟೆ. ಪಾಠಕ್ಕೆ ಮುಂಚೆ ಎಲ್ಲರೂ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಬೇಕು. ‘ಹ’ ಎಂದಾಗ ಅಂಗೈಗೆ ಬಿಸಿಯುಸಿರು ತಾಗಬೇಕು. ಹೈಡ್ರೋಜನ್, ಹೀಲಿಯಂ, ಹೈಡ್ರೋಜನ್, ಹೀಲಿಯಂ. ಬೆಳಿಗ್ಗೆ ಬೆಳಿಗ್ಗೆ ನಮ್ಮ ತರಗತಿಯಿಂದ ಬರುತ್ತಿದ್ದ ಸದ್ದಿಗೆ ಮುಖ್ಯೋಪಾಧ್ಯಾಯರು ಇಣುಕಿ ನೋಡಿ, “ಯಾರಿಗಾದರೂ ಖಾರ ಹತ್ತಿದೆಯಾ?” ಎಂದು ಕೇಳಿ ಹೋದರು.

ಮಕ್ಕಳು ವಿಧೇಯರು. ಟೀಚರಿಗೆ ‘ಹ’ ಇಷ್ಟ ಅಂತ ಗೊತ್ತಾದ ಮೇಲೆ ಕೈಬಿಚ್ಚಿ ಕೊಡತೊಡಗಿದರು. ಆಕ್ಸಿಜನ್ ಹಾಕ್ಸಿಜನ್ ಆಯಿತು. ಆರ್ಗಾನ್ ಹಾರ್ಗಾನ್ ಆಯಿತು. ಅಯೋಡಿನ್ ಹಯೋಡಿನ್ ಆಯಿತು, ಮತ್ತು ನನ್ನದೇ ನಿಯಮದ ಪ್ರಕಾರ ಅದರ ಸಂಕೇತ ಎಚ್ ಆಯಿತು. ಹೈಡ್ರೋಜನ್ ಮಾತ್ರ ಹಟ ಹಿಡಿದು ಐಡ್ರೋಜನ್ನಾಗಿಯೇ ಉಳಿಯಿತು. ಮುಂದಿನ ಕಿರುಪರೀಕ್ಷೆಯ ಹೊತ್ತಿಗೆ ಎರಡು ಧಾತುಗಳೂ ಮನೆ ಅದಲುಬದಲು ಮಾಡಿಕೊಂಡಿದ್ದವು. ಆವತ್ತು ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈಹೊತ್ತು ಕೂತೆ.

ಅಷ್ಟರಲ್ಲಿ ಹೊಳೆನರಸೀಪುರದಲ್ಲಿ ತಾಲ್ಲೂಕು ಮಟ್ಟದ ರಸಪ್ರಶ್ನೆ ಬಂತು. ಮುಂದಿನ ಬೆಂಚಿನ ಹುಡುಗಿಯನ್ನು ಕರೆದುಕೊಂಡು ಹೋದೆ. ಪ್ರಶ್ನೆ ಕೇಳುತ್ತಿದ್ದವರು ಮೈಕು ಕಂಡರೆ ಮೈಮರೆಯುವ ಪೈಕಿ. ಅಡುಗೆ ಉಪ್ಪಿಗೆ ಸೇರಿಸುವ ಧಾತು ಯಾವುದು ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಇವಳು ಎದ್ದು ನಿಂತು, ಅಂಗೈಗೆ ಉಸಿರು ತಾಗುವಷ್ಟು ಸ್ಪಷ್ಟವಾಗಿ, “ಹಯೋಡಿನ್” ಅಂದಳು.

ಸಭಾಂಗಣದಲ್ಲಿ ನಗು ಎದ್ದಿತು. ಅವರು ಅಷ್ಟಕ್ಕೇ ಬಿಡಬಹುದಿತ್ತು. “ಹಯೋಡಿನ್ನಾ! ಹಾಗಾದರೆ ಎಲ್ಲಕ್ಕಿಂತ ಹಗುರವಾದ ಧಾತು ಯಾವುದಮ್ಮಾ?” ಎಂದು ಮೈಕಿನಲ್ಲಿ ರಾಗವಾಗಿ ಕೇಳಿದರು. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು, “ಐಡ್ರೋಜನ್.” ಈ ಸಲ ನಗು ನಿಲ್ಲಲೇ ಇಲ್ಲ. ಎರಡೂ ಉತ್ತರ ಸರಿಯಾಗಿದ್ದವು, ಎರಡಕ್ಕೂ ಅಂಕ ಬಂತು. ಅವಳು ಕೂತಳು, ಆಮೇಲೆ ಏಳಲಿಲ್ಲ. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಮಾಡುತ್ತಿಲ್ಲ ಎನ್ನುವುದು ನನಗೆ ಗೊತ್ತಾಗುತ್ತಿತ್ತು. 

ಆಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಾಳೆ. ಅವಳ ಅಮ್ಮ ಒಂದು ಮಧ್ಯಾಹ್ನ ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

“ಮೇಡಮ್ನೋರೇ, ನನ್ ಮಗ್ಳು ಬಾಯ್ಗೆ ಬೀಗ ಆಕ್ಕಂಡವ್ಳೆ ಕಣಿ. ಮನೇಲೂ ಅಷ್ಟೇಯ. ಅತ್ತನೇ ಕ್ಲಾಸ್ ಆದ್ಮೇಲೆ ಸೈನ್ಸು ಬ್ಯಾಡ ಅಂತವ್ಳೆ. ನರ್ಸ್ ಆಯ್ತೀನಿ, ನರ್ಸ್ ಆಯ್ತೀನಿ ಅಂತ ಕುಣೀತಿದ್ಲು. ನೀವೇ ಒಸಿ ಏಳಿ.”

ಅವಳ ಬಾಯಿ ಮುಂದೆ ಅಂಗೈ ಹಿಡಿಸಿದವಳು ನಾನು. ಆ ಬೀಗ ತೆಗೆಯದೆ ನಾನು ಇನ್ನೊಂದು ಪಾಠ ಮಾಡಿ ಏನೂ ಪ್ರಯೋಜನವಿಲ್ಲ ಅನ್ನಿಸಿತು.

ವಿಜ್ಞಾನ ನಾಟಕ ಸ್ಪರ್ಧೆಯ ಸುತ್ತೋಲೆ ಬಂದದ್ದು ಆ ವಾರವೇ. ವಿಷಯ ನಾವೇ ಆರಿಸಿಕೊಳ್ಳಬಹುದಿತ್ತು. ಆವರ್ತಕ ಕೋಷ್ಟಕದ ಮೇಲೆ ಮಾಡೋಣ ಎಂದೆ. ನಮ್ಮ ಕನ್ನಡ ಮೇಷ್ಟ್ರು ಉತ್ಸಾಹದಿಂದ ಬರೆದುಕೊಟ್ಟರು. ಅವರು ಶುದ್ಧ ಭಾಷೆಯ ಕಟ್ಟಾಳು. ಕ್ಯಾಂಟೀನಿನಲ್ಲೂ “ಒಂದು ಲೋಟ ಚಹಾ ದಯಪಾಲಿಸಿ” ಎಂದು ಕೇಳುವವರು. ಅವರ ನಾಟಕದ ಮೊದಲ ಮಾತೇ ಹೀಗಿತ್ತು: “ಹೇ ಹೀಲಿಯಂ ಮಹಾಶಯನೇ, ಹರ್ಷದಿಂದ ಹೇಳುವೆನು!”

ತಾಲೀಮಿನಲ್ಲಿ ಅದು “ಏ ಈಲಿಯಂ ಮಾಸಯನೇ, ಅರ್ಸದಿಂದ ಏಳುವೆನು” ಆಯಿತು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಮತ್ತೆ ಹೇಳಿಸಿದೆ, ಮತ್ತೆ ಅದೇ. ಮುಂದಿನ ಬೆಂಚಿನ ಹುಡುಗಿ ತನಗೆ ಪಾತ್ರವೇ ಬೇಡವೆಂದು ಮೂಲೆಯಲ್ಲಿ ಕೂತು ರಟ್ಟಿಗೆ ಬಣ್ಣ ಹಚ್ಚುತ್ತಿದ್ದಳು. ನನ್ನ ತಾಳ್ಮೆ ಮೊದಲೇ ಗೇಣುದ್ದ, ಅದೂ ಮುಗಿಯಿತು.

“ಎಷ್ಟು ಸಲ ಏಳ್ಬೇಕ್ರೋ ನಿಮ್ಗೆ, ‘ಹ’ ಅನ್ನಿ ಅಂತ!” ಎಂದು ಕೂಗಿದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನಾಯಿತೆಂದು ನನಗೆ ಹೊಳೆಯಲಿಲ್ಲ. ಆಗ ಮೂಲೆಯಿಂದ ಕಿಸಕ್ಕೆಂದು ನಗು ಬಂತು.

“ಮಿಸ್, ನೀವು ‘ಏಳ್ಬೇಕು’ ಅಂದ್ರಿ,” ಅಂದಳು ಹುಡುಗಿ. “ನಿಮ್ಗೂ ಸಿಟ್ಟು ಬಂದ್ರೆ ನಮ್ಮಂಗೇಯ.”

ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅದರಲ್ಲಿ ಎಷ್ಟು ನಗು, ಎಷ್ಟು ಸಮಾಧಾನ ಎಂದು ಬೇರೆ ಮಾಡಲಾರೆ. ಅವಳು ಮಾತಾಡಿದ್ದಳು.

ಬಾಯಿ ಬಿಟ್ಟವಳು ಹಾಗೇ ಮುಂದುವರಿದಳು. ಕೈಯಲ್ಲಿದ್ದ ರಟ್ಟು ಆವರ್ತಕ ಕೋಷ್ಟಕದ್ದು. “ಮಿಸ್, ಈ ಐಡ್ರೋಜನ್ ಯಾವ್ ಮನೇದು? ಇದು ಸೋಡಿಯಂ ಸಾಲ್ನಾಗೆ ನಿಂತದೆ. ಬಣ್ಣ ನೋಡಿದ್ರೆ ಅವ್ರ್ ಬಣ್ಣ ಅಲ್ಲ. ಒಂಟಿಯಾಗಿ ಯಾಕ್ ನಿಲ್ಸವ್ರೆ?”

ಒಳ್ಳೆಯ ಪ್ರಶ್ನೆ ಕೇಳಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಪಾಠವನ್ನು ಅಲ್ಲೇ ಶುರು ಮಾಡಿದೆ. ಕೋಷ್ಟಕದ ಮೊದಲ ಕಂಬಸಾಲಿನಲ್ಲಿ ಸೋಡಿಯಂ ಬಳಗವಿದೆ. ಅವರ ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನ್, ಅದನ್ನು ಯಾರಿಗಾದರೂ ಕೊಟ್ಟು ಹಗುರಾಗಲು ಕಾಯುತ್ತಿರುತ್ತಾರೆ. ಹದಿನೇಳನೆಯ ಕಂಬಸಾಲಿನಲ್ಲಿ ಕ್ಲೋರಿನ್, ಅಯೋಡಿನ್ ಬಳಗವಿದೆ. ಅವರ ಹೊರ ಕವಚ ತುಂಬಲು ಒಂದೇ ಒಂದು ಕಡಿಮೆ, ಅದಕ್ಕಾಗಿ ಕೈಚಾಚಿ ನಿಂತಿರುತ್ತಾರೆ. ಹೈಡ್ರೋಜನ್ನಿಗೆ ಇರುವುದು ಒಂದೇ ಕವಚ, ಅದರಲ್ಲಿ ಎರಡಕ್ಕೆ ಜಾಗ, ಕೂತಿರುವುದು ಒಂದು. ಕೊಡಲೂಬಹುದು, ಪಡೆಯಲೂಬಹುದು. ಎರಡೂ ಮನೆಯವರು ನಮ್ಮವಳು ಎನ್ನಬಹುದು, ಎರಡೂ ಮನೆಯವರು ಅಲ್ಲ ಎನ್ನಲೂಬಹುದು.

“ಅಂಗಾದ್ರೆ ನ್ಯಾಯ ಸೇರುಸ್ಬೇಕು,” ಅಂದ ಹಿಂದಿನ ಬೆಂಚಿನ ದಢೂತಿ ಹುಡುಗ. “ಅಯೋಡಿನ್ನು ಬಂದು, ‘ನೀನೂ ಐ, ನಾನೂ ಐ, ನಮ್ ಮನೆಗ್ ಬಾರವ್ವ’ ಅಂತ ಕರೀಬೇಕು.”

ನಾನು ಮೇಷ್ಟ್ರ ಮುಖ ನೋಡಿದೆ. ಮೇಷ್ಟ್ರು ತಮ್ಮ ಹರ್ಷದ ಹಾಳೆಗಳನ್ನು ನೋಡಿಕೊಂಡರು. ನಮ್ಮ ನಾಟಕ ಅಲ್ಲಿ ಹುಟ್ಟಿತು.

ಮಕ್ಕಳ ತಪ್ಪನ್ನೇ ಕಥೆ ಮಾಡಿದೆವು. ಊರಿನ ನ್ಯಾಯ ಪಂಚಾಯ್ತಿ ಸೇರಿದೆ. ಹೈಡ್ರೋಜನ್ ಮನೆಯಿಲ್ಲದ ಹುಡುಗಿ. ಸೋಡಿಯಂ ಒಂದು ಕಡೆ ಎಳೆಯುತ್ತಾನೆ, ಹೆಸರಿನ ಸದ್ದು ನಂಬಿಕೊಂಡು ಅಯೋಡಿನ್ ಇನ್ನೊಂದು ಕಡೆ ಎಳೆಯುತ್ತಾನೆ. ತೀರ್ಪು ಹೇಳಲು ಹೀಲಿಯಂ. ಅವನ ಕವಚ ತುಂಬಿದೆ, ಯಾರ ಗೊಡವೆಯೂ ಅವನಿಗೆ ಬೇಡ, ಪಂಚರಾಗಲು ಅವನಿಗಿಂತ ಯೋಗ್ಯರು ಯಾರು? ಪಂಚರು ಹೆಸರನ್ನು ಬದಿಗಿಟ್ಟು ಒಬ್ಬೊಬ್ಬರ ನ್ಯೂಕ್ಲಿಯಸ್ ಬಿಚ್ಚಿಸಿ ಪ್ರೋಟಾನ್ ಎಣಿಸುತ್ತಾರೆ. ಧಾತುವಿನ ಗುರುತು ಅದೊಂದೇ. ಕೊನೆಗೆ ಹೈಡ್ರೋಜನ್ನಿಗೆ ಒಂದನೇ ನಂಬರಿನ ಸ್ವಂತ ಜಾಗ ಸಿಗುತ್ತದೆ. ತನ್ನಂತೆಯೇ ಇರುವ ತಂಗಿಯನ್ನೂ ಕರೆದು, ಆಕ್ಸಿಜನ್ನಿನ ಎರಡೂ ಕೈ ಹಿಡಿದು ನೀರಾಗುತ್ತಾಳೆ.

ಪ್ರೋಟಾನಿಗೆ ಏನು ಮಾಡುವುದು? ಆಲೂಗಡ್ಡೆ ಕಿತ್ತು ಮುಗಿದ ಕಾಲ ಅದು. ಮಕ್ಕಳ ಮನೆಗಳಲ್ಲೇ ಬೇಕಾದಷ್ಟು ಇತ್ತು. ಹೈಡ್ರೋಜನ್ ಮಡಿಲಲ್ಲಿ ಒಂದು ಆಲೂಗಡ್ಡೆ, ಹೀಲಿಯಂ ಜೇಬಿನಲ್ಲಿ ಎರಡು, ಸೋಡಿಯಂ ಟವೆಲಿನಲ್ಲಿ ಹನ್ನೊಂದು. ಅಯೋಡಿನ್ನಿಗೆ ಐವತ್ಮೂರು, ಅದಕ್ಕೆ ಗೋಣಿಚೀಲವೇ ಬೇಕಾಯಿತು. ದಢೂತಿ ಹುಡುಗನಿಗೇ ಆ ಪಾತ್ರ ಕೊಟ್ಟೆವು. ನ್ಯೂಟ್ರಾನಿಗೆ ಈರುಳ್ಳಿ ಹಾಕೋಣ ಮಿಸ್ ಎಂದರು. ಅಯೋಡಿನ್ನಿನ ಎಪ್ಪತ್ತನಾಲ್ಕು ಈರುಳ್ಳಿಯನ್ನೂ ಹೊತ್ತರೆ ಹುಡುಗ ವೇದಿಕೆ ಹತ್ತುವುದಿಲ್ಲ ಎಂದು ಅದನ್ನು ಮಾತಿನಲ್ಲೇ ಮುಗಿಸಿದೆವು. ಮೈದಾನದಲ್ಲಿ ಕಬಡ್ಡಿ ಗೆರೆಗೆ ತಂದಿದ್ದ ಸುಣ್ಣದ ಪುಡಿಯಿಂದ ಕವಚಗಳ ವೃತ್ತ ಎಳೆದು, ಎಲೆಕ್ಟ್ರಾನ್ ಎಲ್ಲಿ ನಿಲ್ಲಬೇಕು, ಯಾವಾಗ ಜಿಗಿಯಬೇಕು ಎಂದು ಕಾಲಿಗೆ ರೂಢಿ ಮಾಡಿಸಿದೆ.

ಎದೆಯ ಮೇಲಿನ ರಟ್ಟಿಗೆ ಎಚ್ ಬರೆಯುವಾಗ ಹುಡುಗಿ ತಲೆ ಓರೆ ಮಾಡಿ ನೋಡಿ, “ಇದು ಒಂದೇ ಮೆಟ್ಲಿನ ಏಣಿ ಅಲ್ವಾ ಮಿಸ್? ಐಡ್ರೋಜನ್‌ಗೆ ಇರೋದೂ ಒಂದೇ,” ಅಂದಳು. ಅಲ್ಲಿಂದ ಮುಂದೆ ನಮ್ಮ ತರಗತಿಯಲ್ಲಿ ಬಾಯಲ್ಲಿ ಐಡ್ರೋಜನ್, ಹಾಳೆಯ ಮೇಲೆ ಏಣಿ. ಒಬ್ಬರೂ ತಪ್ಪಲಿಲ್ಲ. ಅಷ್ಟು ದಿನ ಅಂಗೈ ಹಿಡಿಸಿ ಒದ್ದಾಡಿದ್ದು ಅವಳು ತಲೆ ಓರೆ ಮಾಡಿದ್ದರಿಂದ ಬಗೆಹರಿಯಿತು.

ಹೈಡ್ರೋಜನ್ ಪಾತ್ರ ಅವಳೇ ಮಾಡಿದಳು. ನಾನು ಕೇಳಲಿಲ್ಲ. ಅದನ್ನು ಬೇರೆ ಯಾರಾದರೂ ಮಾಡಲು ಅವಳು ಬಿಡುತ್ತಲೂ ಇರಲಿಲ್ಲ.

ತಾಲ್ಲೂಕು ಮಟ್ಟದಲ್ಲಿ ಗೆದ್ದೆವು. ಆದರೆ ತೀರ್ಪುಗಾರರು ಬಹುಮಾನ ಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ವಿಷಯ ಗಟ್ಟಿಯಾಗಿದೆ ಮೇಡಂ. ಭಾಷೆ ಮಾತ್ರ ತೀರಾ ಹಳ್ಳಿಯದಾಯಿತು. ಹಾಸನಕ್ಕೆ ಹೋಗೋ ಮುಂಚೆ ತಿದ್ದಿಸಿಬಿಡಿ. ಉಚ್ಚಾರಣೆಗೆ ಅಲ್ಲಿ ಅಂಕ ಇರುತ್ತೆ,” ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮುಖ್ಯೋಪಾಧ್ಯಾಯರಿಗೂ ಅದು ಸರಿ ಕಂಡಿತು. ಜಿಲ್ಲೆಯ ಮಟ್ಟಕ್ಕೆ ನಮ್ಮ ಶಾಲೆ ಹೋಗುತ್ತಿದ್ದದ್ದು ಅದೇ ಮೊದಲು. ಸುಮ್ಮನೆ ಯಾಕೆ ಅಂಕ ಕಳೆದುಕೊಳ್ಳುವುದು ಎಂದರು.

ನಾನು ಎರಡು ಮನಸ್ಸಿನಲ್ಲಿದ್ದೆ. ಮಕ್ಕಳ ಮುಂದೆ ವಿಷಯ ಇಟ್ಟೆ. ಹುಡುಗಿಯ ಮುಖ ಸಪ್ಪಗಾಯಿತು. ಅವಳ ಕೈ ತಾನಾಗಿಯೇ ಬಾಯಿಯ ಮುಂದೆ ಹೋಯಿತು, ಅಂಗೈ ಒಳಮುಖವಾಗಿ. ಅದನ್ನು ನೋಡಿದ ಕ್ಷಣವೇ ನನ್ನ ಎರಡು ಮನಸ್ಸು ಒಂದಾಯಿತು.

“ಏನೂ ತಿದ್ದಬೇಡಿ. ಹೀಗೇ ಆಡ್ತೀವಿ,” ಎಂದೆ.

ಅಲ್ಲೇ ಕೂತಿದ್ದ ಕನ್ನಡ ಮೇಷ್ಟ್ರು ಎದ್ದು ನಿಂತರು. ಇನ್ನು ಇವರ ಜೊತೆ ಜಗಳ ಎಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, “ಸೂತ್ರಧಾರನ ಮಾತುಗಳನ್ನು ನಾನು ಶುದ್ಧವಾಗಿ ಬರೆದುಕೊಡುವೆ. ಧಾತುಗಳು ತಮ್ಮ ಮನೆಮಾತನ್ನೇ ಆಡಲಿ. ಅವುಗಳ ತಪ್ಪೇ ಕಥೆಯಾದ ಮೇಲೆ ಅದನ್ನು ತಿದ್ದಿದರೆ ಆಡಲು ಏನು ಉಳಿಯಿತು?” ಎಂದರು. ಆ ಹೊತ್ತು ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಅಂಕ ಹೋದರೆ ಜವಾಬ್ದಾರಿ ನನ್ನದು ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ ಬಂದೆ.

ಹಾಸನದ ವೇದಿಕೆ ನಮ್ಮ ಮೈದಾನಕ್ಕಿಂತ ನುಣುಪು. ಚೀಲ ಹೊತ್ತು ಅಯೋಡಿನ್ ಪ್ರವೇಶ ಮಾಡುತ್ತಿದ್ದಂತೆ ಗೋಣಿಯ ಹೊಲಿಗೆ ಬಿಟ್ಟುಕೊಂಡಿತು. ಪ್ರೋಟಾನುಗಳು ದಡಬಡನೆ ಉರುಳಿ ವೇದಿಕೆ ತುಂಬ ಹರಡಿದವು. ಒಂದು ತೀರ್ಪುಗಾರರ ಮೇಜಿನ ಕೆಳಗೇ ಹೋಯಿತು. ಹುಡುಗ ಕಲ್ಲಾಗಿ ನಿಂತ. ಸಭೆಯಲ್ಲಿ ನಗು ಶುರುವಾಯಿತು. ಆ ನಗು ನನಗೆ ಗೊತ್ತಿತ್ತು, ಹೊಳೆನರಸೀಪುರದ ರಸಪ್ರಶ್ನೆಯಲ್ಲಿ ಕೇಳಿದ್ದು ಅದೇ. ನಾನು ಪರದೆಯ ಪಕ್ಕದಲ್ಲಿ ನಿಂತಿದ್ದೆ. ಹುಡುಗಿಯ ಕಡೆ ನೋಡಲು ಧೈರ್ಯವಾಗಲಿಲ್ಲ.

ಅವಳ ದನಿ ಕೇಳಿತು. “ಲೇ ಅಯೋಡಿನ್ನು! ನಿಂತ್ಕಂಡು ಏನ್ ನೋಡ್ತಿದ್ದೀಯಲಾ, ಎತ್ಕಳಲಾ! ಐವತ್ಮೂರ್ರಾಗೆ ಒಂದು ಕಮ್ಮಿಯಾದ್ರೂ ನೀನು ಅಯೋಡಿನ್ ಅಲ್ಲ ಕಣ್ಲಾ, ಟೆಲ್ಯೂರಿಯಂ ಆಗೋಯ್ತೀಯ!”

ಇದು ನಾಟಕದಲ್ಲಿ ಇರಲಿಲ್ಲ. ಐವತ್ತೆರಡನೆಯದು ಟೆಲ್ಯೂರಿಯಂ ಎಂದು ನಾನು ಪಾಠವನ್ನೂ ಮಾಡಿರಲಿಲ್ಲ. ರಟ್ಟಿಗೆ ಬಣ್ಣ ಹಚ್ಚುವಾಗ ಓದಿಕೊಂಡಿದ್ದಳು. ಹುಡುಗನಿಗೆ ಜೀವ ಬಂತು. “ಅಯ್ಯೋ, ಟೆಲ್ಯೂರಿಯಂ ಆಗಾಕೆ ನಾನ್ ಒಲ್ಲೆ ಕಣವ್ವ!” ಎಂದು ನೆಲಕ್ಕೆ ಬಿದ್ದು ಆಯತೊಡಗಿದ. ಸೋಡಿಯಂ ಬಗ್ಗಿದ, ಹೀಲಿಯಂ ಮಾತ್ರ ಯಾರ ಗೊಡವೆಯೂ ಬೇಡವೆಂದು ಕೈಕಟ್ಟಿ ನಿಂತ. ಎಲ್ಲರೂ ಜೋರಾಗಿ ಎಣಿಸಿದರು. ಐವತ್ತೆರಡಕ್ಕೆ ನಿಂತಿತು. ಆಗ ತೀರ್ಪುಗಾರರಲ್ಲಿ ಒಬ್ಬರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹಿರಿಯ ಮಹಿಳೆ, ಮೇಜಿನ ಕೆಳಗೆ ಬಗ್ಗಿ ಕೊನೆಯ ಆಲೂಗಡ್ಡೆ ಎತ್ತಿ ವೇದಿಕೆಗೆ ಚಾಚಿದರು. ಸಭಾಂಗಣ ಚಪ್ಪಾಳೆಯಿಂದ ಬಿದ್ದುಹೋಗುವ ಹಾಗಾಯಿತು. ಅದು ನಗುವವರ ಸದ್ದಲ್ಲ, ನಮ್ಮವರ ಸದ್ದು.

ನಾಟಕ ಮುಗಿದ ಮೇಲೆ ಪ್ರಶ್ನೆ ಕೇಳುವ ಪದ್ಧತಿ ಇತ್ತು. ಆಲೂಗಡ್ಡೆ ಎತ್ತಿಕೊಟ್ಟ ಆ ಹಿರಿಯ ತೀರ್ಪುಗಾರರೇ ಮೈಕು ತೆಗೆದುಕೊಂಡು ಹುಡುಗಿಯನ್ನು ಮುಂದೆ ಕರೆದರು.

“ಚೆನ್ನಾಗಿ ಮಾಡಿದೆಯಮ್ಮ. ಒಂದು ಹೇಳು. ನೀನು ಹೈಡ್ರೋಜನ್ನೋ, ಐಡ್ರೋಜನ್ನೋ?”

ಅವಳು ಒಮ್ಮೆ ಪರದೆಯ ಪಕ್ಕ ನಿಂತಿದ್ದ ನನ್ನ ಕಡೆ ನೋಡಿದಳು. ಅಂಗೈ ಬಾಯಿಯ ಹತ್ತಿರ ಹೋಗಲಿಲ್ಲ. ಅದು ಮಡಿಲಿಗೆ ಹೋಗಿ ಆ ಒಂದು ಆಲೂಗಡ್ಡೆಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಿತು.

“ನೀವು ಎಂಗಾರಾ ಕರೀರಿ ಮೇಡಂ, ಬತ್ತೀನಿ. ನನ್ತಾವ ಇರೋದು ಒಂದು ಪ್ರೋಟಾನು. ಒಂದಿರೋಗಂಟ ನಾನು ನಾನೇಯ.”

ಮೊದಲ ಬಹುಮಾನ ನಮಗೆ ಬಂತು. ಉಚ್ಚಾರಣೆಯ ಅಂಕ ಎಷ್ಟು ಕೊಟ್ಟರೋ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಮ್ಮ ಶಾಲೆಯ ಹೆಸರು ಕೂಗಿದಾಗ ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಶಿಳ್ಳೆ ಹಾಕಿದೆ ಎಂದು ಮಕ್ಕಳು ಹೇಳುತ್ತಾರೆ. ನಾನು ಅದನ್ನು ಒಪ್ಪಿಲ್ಲ. ಪಕ್ಕದಲ್ಲಿದ್ದ ಕನ್ನಡ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, ಹುಟ್ಟಿದಾಗಿನಿಂದ ಕಾಪಾಡಿಕೊಂಡು ಬಂದ ಹಕಾರವನ್ನು ಗಾಳಿಗೆ ಬಿಟ್ಟು, “ನೋಡಿದ್ರಾ ಮೇಡಂ, ಕೊನೆಗೂ ಐಡ್ರೋಜನ್‌ಗೆ ಆಸನದಲ್ಲಿ ಆಸನ ಸಿಕ್ತು,” ಅಂದರು.

ಮಾರನೆಯ ದಿನ ಐವತ್ಮೂರು ಪ್ರೋಟಾನುಗಳೂ ಬಿಸಿಯೂಟದ ಸಾಂಬಾರಿಗೆ ಹೋದವು. ಅಡುಗೆಮನೆಯ ಬಾಗಿಲಲ್ಲಿ ಹುಡುಗಿ ನಿಂತು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದಳು. ಗೋಣಿ ಹರಿದದ್ದು, ಮೇಜಿನ ಕೆಳಗೆ ಬಗ್ಗಿದವರು, ಟೆಲ್ಯೂರಿಯಂ, ನರ್ಸ್ ಕೋರ್ಸಿಗೆ ಯಾವ ಸಬ್ಜೆಕ್ಟ್ ಬೇಕು ಎನ್ನುವುದು, ಮತ್ತೆ ಮೊದಲಿಂದ ಗೋಣಿ ಹರಿದದ್ದು. ಗಂಟೆ ಹೊಡೆದರೂ ನಿಲ್ಲಲಿಲ್ಲ. ಅವಳ ಅಮ್ಮ ಸೌಟು ಹಿಡಿದುಕೊಂಡೇ ನನ್ನ ಕಡೆ ಓಡಿ ಬಂದರು. ಮುಖದ ತುಂಬ ನಗು, ಕಣ್ಣ ತುಂಬ ನೀರು.

“ಮೇಡಮ್ನೋರೇ, ಬೆಳಗ್ಗೆಯಿಂದ ಇದೇ ಆಯ್ತು ಕಣಿ. ಇವ್ಳ ಬಾಯಿಂದ ತೆಗುದ್ರಲ್ಲ, ಆ ಬೀಗ ಎಲ್ಲಿ ಮಡ್ಗಿದ್ದೀರಾ? ಒಸಿ ಕೊಡಿ!”